ಕ್ಯಾಮೆರಾ ಕಟ್ಟೆ: ಮೇ ತಿಂಗಳ ಕಡಲು, ಇಳಿತದ ಹೊತ್ತು

ಈ ಸಲದ ಅಂಚೆಯಲ್ಲಿ ಮುಕ್ಕಾಲು ಪಾಲು ಕಡಲಿನ ಪ್ರಶ್ನೆಗಳೇ. ಮಕ್ಕಳಿಗೆ ರಜೆ, ಎಲ್ಲರೂ ಕರಾವಳಿ ಕಡೆ ಹೊರಟಿದ್ದೀರಿ ಅಂತ ಕಾಣುತ್ತದೆ. ನನಗೋ ಕುಮಟಾದ ಸ್ಟುಡಿಯೋದಲ್ಲಿ ಮದುವೆ ಸೀಸನ್ನು. ಬೆಳಗ್ಗೆ ಆರಕ್ಕೆ ಬೆಳ್ಳಕ್ಕಿ, ಹತ್ತಕ್ಕೆ ಬಿಳಿ ಪಂಚೆಯ ಮದುಮಗ. ಎರಡರಲ್ಲೂ ಬಿಳಿ ಬಣ್ಣ ಸುಟ್ಟು ಹೋಗದಂತೆ ನೋಡಿಕೊಳ್ಳುವುದೇ ಕೆಲಸ. ಮಧ್ಯೆ ಸಿಕ್ಕ ಬಿಡುವಿನಲ್ಲಿ ಈ ಉತ್ತರಗಳು.

ಪ್ರಶ್ನೆ: ಮೇ ತಿಂಗಳಲ್ಲಿ ಗೋಕರ್ಣ, ಕುಮಟಾ, ಹೊನ್ನಾವರ ಸುತ್ತುವ ಯೋಚನೆ ಇದೆ. ನನ್ನ ಹತ್ತಿರ 70–300 ಮಿ.ಮೀ. ಲೆನ್ಸ್ ಇದೆ. ಹಕ್ಕಿ, ಏಡಿ ಇಂಥವನ್ನು ತೆಗೆಯಲು ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತಿಗೆ ಹೋಗಬೇಕು?
— ಕಾಲೇಜು ವಿದ್ಯಾರ್ಥಿನಿ, ಹಾವೇರಿ

ಎಲ್ಲಿಗೆ ಅನ್ನುವುದು ಆಮೇಲೆ. ಮೊದಲು ಹೊತ್ತು ನೋಡು ತಂಗಿ. ಹೊತ್ತು ಅಂದರೆ ಮೊಬೈಲಿನ ಗಡಿಯಾರ ಅಲ್ಲ, ಗೋಡೆ ಮೇಲಿನ ಕ್ಯಾಲೆಂಡರ್‌ನಲ್ಲಿರುವ ತಿಥಿ.

ನಮ್ಮ ಅತ್ತೆ ಅಘನಾಶಿನಿ ಅಳಿವೆಯಲ್ಲಿ, ಅಂದರೆ ಹೊಳೆ ಕಡಲು ಸೇರುವ ಜಾಗದಲ್ಲಿ, ಬೆಳಚು ಆರಿಸಲು ಹೋಗುತ್ತಿದ್ದವರು. ಬೆಳಚು ಅಂದರೆ ಕೆಸರಲ್ಲಿ ಸಿಗುವ ಚಿಪ್ಪಿನ ಜೀವಿ, ನಮ್ಮ ಕಡೆ ಊಟಕ್ಕೆ ಬೇಕೇ ಬೇಕು. ಅವರು ಯಾವ ಆಪ್ ನೋಡಿದವರೂ ಅಲ್ಲ. ಬೆರಳಲ್ಲಿ ತಿಥಿ ಎಣಿಸಿ, "ಇವತ್ತು ಬಿದಿಗೆ, ಬೆಳಗಾಗುವಾಗ ನೀರು ಇಳಿದಿರ್ತದೆ" ಅನ್ನುವರು. ಹಾಗೇ ಇರುತ್ತಿತ್ತು. ಕಡಲ ಫೋಟೋ ತೆಗೆಯಲು ನಾನು ಕಲಿತ ಮೊದಲ ಪಾಠ ಅದು. ಲೆನ್ಸಿನ ಪಾಠ ಎಲ್ಲ ಅದರ ಮೇಲೆ.

ಲೆಕ್ಕ ಇಷ್ಟೇ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಅಮಾವಾಸ್ಯೆ, ಹುಣ್ಣಿಮೆಗೆ ಹೆಚ್ಚುಕಡಿಮೆ ಬೆಳಗಿನ ಜಾವ ಐದರ ಸುಮಾರಿಗೆ ಒಂದು ಇಳಿತ, ಸಂಜೆ ಐದರ ಸುಮಾರಿಗೆ ಇನ್ನೊಂದು. ಮರುದಿನ ಅದು ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ತಡ. ಹಾಗಾಗಿ ಬಿದಿಗೆ, ತದಿಗೆಗೆ ಬಂದರೆ ಬೆಳಗ್ಗೆ ಆರೂವರೆ–ಏಳರ ಎಳೆಬಿಸಿಲು, ಕಣ್ಣೆದುರು ಬಯಲಾದ ಕೆಸರು, ಎರಡೂ ಒಟ್ಟಿಗೆ ಸಿಗುತ್ತವೆ. ಅಷ್ಟಮಿಗೆ ಬಂದೆಯಾ, ಇಳಿತ ಬರುವುದು ನಡು ಬಿಸಿಲಿಗೆ. ಸುಮ್ನೆ ತಲೆ ಸುಟ್ಟುಕೊಳ್ಳುವ ಕೆಲಸ. ಅಷ್ಟಮಿ ಹೊತ್ತಿಗೆ ನೀರು ಇಳಿಯುವುದೂ ಕಡಿಮೆ. ಅಳಿವೆಯ ಒಳಗೆ ಹೋದಷ್ಟೂ ಸಮಯ ಇನ್ನೂ ಹಿಂದೆ ಬೀಳುತ್ತದೆ. ನಿಖರ ಸಮಯ ಬೇಕಾದರೆ ಕಾರವಾರದ ಭರತ–ಇಳಿತದ ಪಟ್ಟಿ ಇಂಟರ್‌ನೆಟ್ಟಿನಲ್ಲಿದೆ. ಆದರೆ ರೂಮ್ ಬುಕ್ ಮಾಡುವಾಗ ತಿಥಿ ನೋಡಿದರೆ ಅರ್ಧ ಕೆಲಸ ಆದಂತೆ.

ಈಗ ಜಾಗ. ಅಘನಾಶಿನಿ ಅಳಿವೆಯನ್ನು ಮೊದಲಿಗೆ ಇಟ್ಟುಕೋ. ಅಣೆಕಟ್ಟು ಕಟ್ಟದ ನದಿ, 2024ರಲ್ಲಿ ರಾಮ್ಸರ್ ಪಟ್ಟಿಗೆ (ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದ ಜಾಗ. ತದಡಿ ಕಡೆಯಿಂದಲೂ ಹೋಗಬಹುದು, ಕುಮಟಾದಿಂದ ಅಘನಾಶಿನಿ ಊರಿನ ಕಡೆಗೂ ಬರಬಹುದು. ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಅಂಚಿನಲ್ಲಿ ಕೂರು. ನೀರು ಪೂರ್ತಿ ಇಳಿದ ಮೇಲೆ ಹೋಗಬೇಡ, ಇನ್ನೂ ಇಳಿಯುತ್ತಿರುವಾಗ, ಕೆಸರು ಬಯಲಾಗುವ ಮೊದಲೇ ಹೋಗಿ ಕೂರು. ಹಕ್ಕಿಗಳು ನೀರಿನ ಅಂಚು ಹಿಡಿದು ನಡೆಯುತ್ತವೆ. ನೀನು ಆಮೇಲೆ ನಡೆದು ಹೋದರೆ ಹಾರುತ್ತವೆ. ಮೊದಲೇ ಕೂತಿದ್ದರೆ ನಿನ್ನನ್ನೂ ಒಂದು ಗಿಡ ಅಂತ ಲೆಕ್ಕ ಹಾಕುತ್ತವೆ.

ಮರಳಿನಲ್ಲಾದರೆ ಏಡಿಯ ಬಿಲದಿಂದ ಎರಡು–ಮೂರು ಮೀಟರ್ ದೂರ ಹೊಟ್ಟೆ ಅಡಿ ಮಾಡಿ ಮಲಗು. ಬಿಲದ ಬಾಯಿಗೇ ಫೋಕಸ್ ಕಟ್ಟಿ ಕೈ ಬಿಡು. ಮೊದಲು ಏನೂ ಇಲ್ಲ. ಆಮೇಲೆ ಎರಡು ಕಣ್ಣು ಮಾತ್ರ ಮೇಲೆ ಬರುತ್ತವೆ, ಪುಟ್ಟ ಕಡ್ಡಿ ಮೇಲೆ ಕೂರಿಸಿದ ಹಾಗೆ. ಆ ಕಣ್ಣು ಸುತ್ತ ಒಮ್ಮೆ ನೋಡುತ್ತದೆ. ನೀನು ಅಲ್ಲಾಡಲಿಲ್ಲ ಅಂತಾದರೆ ಒಂದು ಕಾಲು, ಇನ್ನೊಂದು ಕಾಲು, ಆಮೇಲೆ ಒಳಗಿನ ಮರಳನ್ನು ಕೊಂಡಿಯಲ್ಲಿ ತಬ್ಬಿಕೊಂಡು ಬಂದು ಹೊರಗೆ ಎಸೆಯುತ್ತದೆ. ಆ ಎಸೆತವೇ ಫೋಟೋ. ಸುಮ್ಮನೆ ನಿಂತ ಏಡಿ ಎಲ್ಲರ ಹತ್ತಿರವೂ ಇದೆ.

ಕೆಸರಿಗೆ ಇಳಿಯುವ ಮುಂಚೆ ಬೆಳಚು ಆರಿಸುವವರನ್ನು ಕೇಳು. ಎಲ್ಲಿ ಮೊಣಕಾಲವರೆಗೆ ಹುಗಿಯುತ್ತದೆ ಅಂತ ಅವರಿಗೆ ಗೊತ್ತು. ಹಳೇ ಕ್ಯಾನ್ವಾಸ್ ಶೂ ಹಾಕಿಕೋ, ಚಿಪ್ಪು ಕಾಲು ಕೊಯ್ಯುತ್ತದೆ. ಮತ್ತೆ, ಅವರ ಫೋಟೋ ತೆಗೆಯುವ ಮೊದಲು ಕೇಳಿ ತೆಗಿ. ಬಗ್ಗಿ ಕೆಲಸ ಮಾಡುವವರನ್ನು ಹಿಂದಿನಿಂದ ತೆಗೆದು ಹೋಗುವವರು ಜಾಸ್ತಿ ಆಗಿದ್ದಾರೆ. ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ.

ಪ್ರಶ್ನೆ: ಕಳೆದ ಮೇನಲ್ಲಿ ಮುರ್ಡೇಶ್ವರದಲ್ಲಿ ತೆಗೆದ ಗರುಡನ ಫೋಟೋಗಳಲ್ಲಿ ಆಕಾಶ ಬೂದಿ ಬಣ್ಣ, ಹಕ್ಕಿ ಕಪ್ಪು. ಶಾರ್ಪ್ ಕೂಡ ಇಲ್ಲ. ಲೆನ್ಸ್ ಬದಲಿಸಬೇಕೇ?
— ಬ್ಯಾಂಕ್ ನೌಕರ, ಹುಬ್ಬಳ್ಳಿ

ದುಡ್ಡು ಉಳಿಸಿಕೊಳ್ಳಿ. ಫೋಟೋ ಜೊತೆಗಿದ್ದ ಸಮಯ ನೋಡಿದೆ, ಎಲ್ಲ ಹನ್ನೊಂದರಿಂದ ಎರಡರ ಒಳಗಿನವು. ಏಪ್ರಿಲ್ ಕೊನೆಗೆ ನಮ್ಮ ಊರುಗಳಲ್ಲಿ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಗೆ ಬರುತ್ತಾನೆ. ಮೇನಲ್ಲಿ ಸ್ವಲ್ಪ ಉತ್ತರಕ್ಕೆ ದಾಟಿರುತ್ತಾನೆ, ಅಷ್ಟೇ ವ್ಯತ್ಯಾಸ. ಹಕ್ಕಿಯ ಬೆನ್ನಿಗೆಲ್ಲ ಬಿಸಿಲು, ನಿಮಗೆ ಕಾಣುವ ಹೊಟ್ಟೆಗೆ ನೆರಳು. ಗಾಳಿಯಲ್ಲಿ ತೇವ, ಉಪ್ಪು ಎರಡೂ ತುಂಬಿರುತ್ತವೆ, ಅದಕ್ಕೇ ಆಕಾಶ ಬೂದಿ. ಕಾದ ಮರಳಿನ ಮೇಲೆ ಗಾಳಿ ನಡುಗುತ್ತದಲ್ಲ, ಅದರ ಮೂಲಕ ದೂರದ ಹಕ್ಕಿ ತೆಗೆದರೆ ಲಕ್ಷ ರೂಪಾಯಿ ಲೆನ್ಸೂ ಮಬ್ಬೇ.

ಮಧ್ಯಾಹ್ನವೇ ತೆಗೆಯಬೇಕು ಅಂತಿದ್ದರೆ ಒಂದು ದಾರಿ ಇದೆ. ಗರುಡ ಒದ್ದೆ ಮರಳಿನ ಮೇಲೆ ಅಥವಾ ಅಲೆಯ ಬಿಳಿ ನೊರೆಯ ಮೇಲೆ ತಗ್ಗಿನಲ್ಲಿ ಹಾರುವಾಗ ಕೆಳಗಿನ ಬೆಳಕು ಹೊಟ್ಟೆಗೆ ಹೊಡೆಯುತ್ತದೆ. ಆಗ ಮಾತ್ರ ಒತ್ತಿ. ಹಿನ್ನೆಲೆಯಲ್ಲಿ ಬಿಳಿ ಆಕಾಶವೇ ಬಂದರೆ ಎಕ್ಸ್‌ಪೋಷರ್ ಒಂದು ಸ್ಟಾಪ್, ಅಂದರೆ ಬೆಳಕು ಎರಡರಷ್ಟಾಗುವಂತೆ, ಏರಿಸಿ. ಶಟರ್ ವೇಗ 1/2000 ಸೆಕೆಂಡಿಗಿಂತ ನಿಧಾನ ಬೇಡ.

ಅದಕ್ಕಿಂತ ಗಾಳಿ ನೋಡುವುದು ಕಲಿಯಿರಿ. ಹಕ್ಕಿ ಏಳುವುದು, ಇಳಿಯುವುದು ಯಾವಾಗಲೂ ಗಾಳಿಗೆ ಎದುರಾಗಿ. ಬೆಳಗಿನ ಹೊತ್ತು ಗಾಳಿ ನೆಲದ ಕಡೆಯಿಂದ ಕಡಲಿಗೆ. ಅಂದರೆ ಹಕ್ಕಿ ಪೂರ್ವಕ್ಕೆ ಮುಖ ಮಾಡಿ ಇಳಿಯುತ್ತದೆ, ಸೂರ್ಯನೂ ಪೂರ್ವದಲ್ಲೇ, ನೀವೂ ದಡದಲ್ಲಿ ಪೂರ್ವಕ್ಕೆ ಬೆನ್ನು ಹಾಕಿ ನಿಂತಿರುತ್ತೀರಿ. ಹಕ್ಕಿಯ ಮುಖ, ಬೆಳಕು, ನಿಮ್ಮ ಕ್ಯಾಮೆರಾ ಮೂರೂ ತಾನಾಗಿ ಹೊಂದಿಕೊಂಡವಲ್ಲ! ಹನ್ನೊಂದರ ಸುಮಾರಿಗೆ ಗಾಳಿ ತಿರುಗಿ ಕಡಲಿಂದ ಬೀಸಲು ಶುರು. ಸಂಜೆ ಹಕ್ಕಿಯ ಮುಖ ಪಶ್ಚಿಮಕ್ಕೆ, ಬೆಳಕೂ ಪಶ್ಚಿಮದಿಂದ. ಮುಖ ಬೇಕಾದರೆ ನೀವು ನೀರಿನಲ್ಲಿ ನಿಂತು ದಡದ ಕಡೆ ಕ್ಯಾಮೆರಾ ಹಿಡಿಯಬೇಕು. ಇಳಿತದ ಸಂಜೆಯಲ್ಲಿ ಮರಳ ದಿಬ್ಬ ಎದ್ದಿದ್ದರೆ ಸುಲಭ. ಇಲ್ಲ ಅಂದರೆ ಪಶ್ಚಿಮಕ್ಕೇ ತಿರುಗಿ ಕಪ್ಪು ಆಕೃತಿ ತೆಗೆಯಿರಿ, ಅದೂ ಚೆಂದವೇ.

ಪ್ರಶ್ನೆ: ಮೊಬೈಲ್ ಸಾಕಾ?
— ಓದುಗರು, ಚಿತ್ರದುರ್ಗ

ಮೋಡಕ್ಕೆ, ಅಲೆಗೆ, ಕಾಲ ಹತ್ತಿರದ ಏಡಿಗೆ ಧಾರಾಳ ಸಾಕು. ಹಕ್ಕಿಗೆ ಸಾಲದು.

ಪ್ರಶ್ನೆ: ಹೋಮ್‌ಸ್ಟೇಯ ಎ.ಸಿ. ರೂಮಿನಿಂದ ಹೊರಗೆ ಬಂದ ಕೂಡಲೇ ಲೆನ್ಸ್ ಪೂರ್ತಿ ಮಂಜು. ಒರೆಸಿದಷ್ಟೂ ಮತ್ತೆ ಬರುತ್ತದೆ. ಕ್ಯಾಮೆರಾವನ್ನು ಅಕ್ಕಿ ಡಬ್ಬದಲ್ಲಿ ಇಡಬಹುದಾ?
— ಶಿಕ್ಷಕಿ, ಶಿವಮೊಗ್ಗ

ಅಕ್ಕಿ ಅನ್ನಕ್ಕಿರಲಿ ಮೇಡಂ. ಅದರ ಹಿಟ್ಟು, ಧೂಳು ಎಲ್ಲ ಕ್ಯಾಮೆರಾ ಸಂದಿಗೆ ಹೋಗುತ್ತದೆ.

ಮಂಜು ಬರುವುದು ಲೆನ್ಸ್ ತಣ್ಣಗಿರುವುದರಿಂದ. ಮೇ ತಿಂಗಳ ಕರಾವಳಿಯ ಗಾಳಿಯಲ್ಲಿ ಅಷ್ಟು ನೀರಿದೆ, ತಣ್ಣನೆ ಗಾಜು ಸಿಕ್ಕಿದ ಕೂಡಲೇ ಕೂತುಬಿಡುತ್ತದೆ. ಒರೆಸಬೇಡಿ. ಹೊರಡುವ ಮುಕ್ಕಾಲು ಗಂಟೆ ಮೊದಲೇ ಕ್ಯಾಮೆರಾವನ್ನು ಬ್ಯಾಗಿನ ಸಮೇತ, ಜಿಪ್ ಹಾಕಿಯೇ, ಜಗಲಿಯಲ್ಲಿ ಇಡಿ. ಬ್ಯಾಗಿನೊಳಗೇ ನಿಧಾನಕ್ಕೆ ಬಿಸಿ ಆಗುತ್ತದೆ. ರಾತ್ರಿ ಎ.ಸಿ. ಇಲ್ಲದ ಮೂಲೆಯಲ್ಲಿ ಇಟ್ಟರೆ ಆ ತಾಪತ್ರಯವೂ ಇಲ್ಲ. ಕಾರಿನಲ್ಲಿ ಹೋಗುವಾಗಲೂ ಅಷ್ಟೇ, ಎ.ಸಿ. ಗಾಳಿ ಬೀಸುವ ಜಾಗದಲ್ಲಿ ಬ್ಯಾಗ್ ಇಡಬೇಡಿ.

ಮಂಜಿಗಿಂತ ನನಗೆ ಹೆದರಿಕೆ ಉಪ್ಪಿನದು. ದಡದಲ್ಲಿ ಒಂದು ಗಂಟೆ ನಿಂತರೆ ಫಿಲ್ಟರ್ ಮೇಲೆ ಸಣ್ಣ ಪೊರೆ ಕಟ್ಟಿರುತ್ತದೆ. ಒಣ ಬಟ್ಟೆಯಲ್ಲಿ ತಿಕ್ಕಿದರೆ ಗೀರು. ಮನೆಗೆ ಬಂದು ಮೊದಲು ಬ್ಲೋವರ್‌ನಿಂದ ಮರಳು ಊದಿ, ಆಮೇಲೆ ಸಿಹಿನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಕ್ಯಾಮೆರಾದ ಮೈ ಒರೆಸಿ, ಕೊನೆಗೆ ಒಣ ಬಟ್ಟೆ. ಟ್ರೈಪಾಡ್ ಕಾಲನ್ನು ನಲ್ಲಿ ಕೆಳಗೇ ತೊಳೆಯಿರಿ. ದಡದಲ್ಲಿ ನಿಂತು ಲೆನ್ಸ್ ಬದಲಿಸುವ ಸಾಹಸ ಮಾತ್ರ ಬೇಡ.

ಊರಿಗೆ ಮರಳಿದ ಮೇಲೆ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್. ನೀಲಿ ಕಾಳಿನದ್ದು ತಂದರೆ ತೇವ ಹೀರಿ ನಸುಗೆಂಪಾದಾಗ ಗೊತ್ತಾಗುತ್ತದೆ. ಮಳೆಗಾಲ ಶುರುವಾಗುವ ಮೊದಲೇ ಇದನ್ನು ಮಾಡಿ. ಲೆನ್ಸಿನ ಒಳಗೆ ಒಮ್ಮೆ ಫಂಗಸ್ ಬಂತು ಅಂದರೆ ರಿಪೇರಿ ಖರ್ಚು ಕೇಳಿಯೇ ಬೇಜಾರಾಗುತ್ತದೆ.

ಪ್ರಶ್ನೆ: ಮಳೆ ಬರುವ ಮೊದಲಿನ ಕಪ್ಪು ಮೋಡ, ಮಿಂಚು ಎರಡನ್ನೂ ಕಡಲ ಜೊತೆ ತೆಗೆಯುವ ಆಸೆ. ಎರಡು ಸಲ ಬಂದರೂ ಕಡಲ ಮೇಲೆ ಮೋಡವೇ ಕಾಣಲಿಲ್ಲ.
— ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ನೀವು ಕಡಲನ್ನೇ ನೋಡುತ್ತಾ ನಿಂತಿದ್ದಿರಿ, ಅಲ್ವಾ? ಮೇ ತಿಂಗಳ ಮಳೆ ಹೆಚ್ಚಾಗಿ ನಿಮ್ಮ ಬೆನ್ನ ಹಿಂದಿನಿಂದ ಬರುತ್ತದೆ ಮಾರಾಯ್ರೆ.

ಇದು ಮುಂಗಾರಿನ ಮಳೆ ಅಲ್ಲ, ಅದಕ್ಕೂ ಮುಂಚಿನ ಗುಡುಗಿನ ಮಳೆ. ಮಧ್ಯಾಹ್ನ ನೆಲ ಕಾಯುತ್ತದೆ. ಕಡಲ ಗಾಳಿ ತೇವ ಹೊತ್ತು ಒಳಗೆ ಹೋಗಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ. ಎರಡು–ಮೂರು ಗಂಟೆ ಹೊತ್ತಿಗೆ ಪೂರ್ವದಲ್ಲಿ ಹೂಕೋಸಿನ ಹಾಗೆ ಬಿಳಿ ಮೋಡ ಬೆಳೆಯಲು ಶುರು. ಅದರ ತಲೆ ಚಪ್ಪಟೆಯಾಗಿ ಹರಡಿತು ಅಂದರೆ ಗುಡುಗು ಗ್ಯಾರಂಟಿ. ಎಷ್ಟೋ ದಿನ ಘಟ್ಟದಲ್ಲೇ ಸುರಿದು ಮುಗಿಯುತ್ತದೆ, ನಮಗೆ ಬರೀ ಸೆಕೆ. ಕೆಲವು ದಿನ ಸಂಜೆ ದಡದ ತನಕ ಬರುತ್ತದೆ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅಂತ ರೈತರು ಕಾಯುವ ಮಳೆಯೂ ಈ ಹೊತ್ತಿನದೇ. ಮೇ ಮೊದಲ ಹತ್ತು ದಿನ ಭರಣಿ, ಆಮೇಲೆ ಕೃತ್ತಿಕೆ, ಕೊನೆಯ ವಾರಕ್ಕೆ ರೋಹಿಣಿ.

ಅಂಥ ಸಂಜೆ ಐದೂವರೆಯಿಂದ ಆರೂವರೆ ತನಕ ಕಡಲಿಗೆ ಬೆನ್ನು ಹಾಕಿ ನಿಲ್ಲಿ. ಪಶ್ಚಿಮದಲ್ಲಿ ಸೂರ್ಯ ಇನ್ನೂ ಇದ್ದಾನೆ, ಪೂರ್ವದ ಆಕಾಶ ಪೂರ್ತಿ ಶಾಯಿ ಬಣ್ಣ. ತೆಂಗಿನ ಗರಿಗಳಿಗೆ ಹೊಂಬಣ್ಣ ಬಳಿದಿರುತ್ತದೆ. ಆಗ ಗದ್ದೆ ಬಯಲಿನಿಂದ ಬೆಳ್ಳಕ್ಕಿ ಗುಂಪು ಮನೆಗೆ ಹೊರಡುತ್ತದೆ. ಕಪ್ಪು ಮೋಡದ ಮುಂದೆ ಒಂದೊಂದು ರೆಕ್ಕೆಯೂ ಬೇರೆ ಬೇರೆ ಕಾಣುತ್ತದೆ. ಕ್ಯಾಮೆರಾ ಮಾತ್ರ ಈ ಕಪ್ಪನ್ನು ನೋಡಿ ಹೆದರಿ ಚಿತ್ರವನ್ನು ಬೆಳಗಿಸಲು ನೋಡುತ್ತದೆ, ಬಿಳಿ ಹಕ್ಕಿ ಸುಟ್ಟು ಹೋಗುತ್ತದೆ. ಒಂದು, ಒಂದೂವರೆ ಸ್ಟಾಪ್ ಇಳಿಸಿ. ಹನಿ ಬಿದ್ದರೆ ಕಾಮನಬಿಲ್ಲೂ ಅದೇ ದಿಕ್ಕಿಗೆ. ಇಡೀ ಮೇ ತಿಂಗಳಲ್ಲಿ ನನಗೆ ಇಷ್ಟದ ಬೆಳಕು ಇದೇ. ಸೂರ್ಯಾಸ್ತದ ಕೆಂಪಿಗೆ ನಾನು ಅಷ್ಟು ಬೆಲೆ ಕೊಡುವವಳಲ್ಲ.

ಮಿಂಚಿನ ವಿಷಯಕ್ಕೆ ಬಂದರೆ ಕಟ್ಟುನಿಟ್ಟು. ಮಿಂಚಿದ ಮೇಲೆ ಗುಡುಗು ಕೇಳುವ ತನಕ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ದೂರ ಅಂತ ಲೆಕ್ಕ. ಮೂವತ್ತರ ಒಳಗೆ ಗುಡುಗು ಕೇಳಿದರೆ ದಡ ಬಿಡಿ, ಟ್ರೈಪಾಡ್ ಮಡಚುತ್ತಾ ನಿಲ್ಲಬೇಡಿ. ಬಯಲು ದಡದಲ್ಲಿ ಎಲ್ಲರಿಗಿಂತ ಎತ್ತರ ನೀವೇ. ತೆಂಗಿನ ಮರದ ಬುಡಕ್ಕಂತೂ ಹೋಗಲೇಬೇಡಿ, ಕರಾವಳಿಯಲ್ಲಿ ಸಿಡಿಲು ಬಡಿದು ತಲೆ ಸುಟ್ಟ ತೆಂಗು ಎಷ್ಟು ಬೇಕಾದರೂ ಕಾಣಸಿಗುತ್ತವೆ. ಕೊನೆಯ ಗುಡುಗಿನ ಮೇಲೆ ಅರ್ಧ ಗಂಟೆ ಒಳಗೇ ಇರಿ. ಮಿಂಚಿನ ಮುನ್ಸೂಚನೆಗೆ 'ದಾಮಿನಿ' ಆಪ್ ಮೊಬೈಲಿನಲ್ಲಿ ಇರಲಿ.

ಫೋಟೋ ತೆಗೆಯುವುದು ಪಕ್ಕಾ ಕಟ್ಟಡದ ಕಿಟಕಿಯ ಒಳಗಿನಿಂದ. ರಾತ್ರಿಗೆ ಎಫ್ 8, ಐಎಸ್‌ಒ 100, ಹದಿನೈದು ಸೆಕೆಂಡ್, ಫೋಕಸ್ ಕೈಯಲ್ಲೇ ದೂರಕ್ಕೆ ಇಟ್ಟು ಒಂದರ ಹಿಂದೆ ಒಂದು ತೆಗೆಯುತ್ತಾ ಹೋಗಿ. ಯಾವುದೋ ಒಂದರಲ್ಲಿ ಬೀಳುತ್ತದೆ.

ಹವಾಮಾನ ಇಲಾಖೆಯ ರೆಡ್ ಅಲರ್ಟ್ ಇದ್ದ ದಿನ ಕ್ಯಾಮೆರಾ ಕಪಾಟಿನಲ್ಲಿರಲಿ. 2021ರ ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಿಂದ ಗುಜರಾತಿಗೆ ಹೋಯಿತು. ದಡಕ್ಕೆ ಬಡಿಯಲೂ ಇಲ್ಲ, ಪಕ್ಕದಲ್ಲಿ ಹೋದದ್ದಕ್ಕೇ ಅಲೆ ಮನೆಗಳಿಗೆ ನುಗ್ಗಿತ್ತು.

ಪ್ರಶ್ನೆ: ಮಕ್ಕಳಿಗೆ ಕಡಲಾಮೆ ಮರಿ ತೋರಿಸಿ ಫೋಟೋ ತೆಗೆಯಬೇಕು. ಮೇನಲ್ಲಿ ಸಿಗುತ್ತವೆಯೇ?
— ಗೃಹಿಣಿ, ಮೈಸೂರು

ಸಿಗುವುದು ಕಷ್ಟ. ನಮ್ಮಲ್ಲಿ ಒಲಿವ್ ರಿಡ್ಲೆ ಆಮೆಗಳು ಹೆಚ್ಚಾಗಿ ಚಳಿಗಾಲದಿಂದ ಮಾರ್ಚ್ ತನಕ ಮೊಟ್ಟೆ ಇಡುತ್ತವೆ. ಮರಿ ಹೊರಬರಲು ಒಂದೂವರೆ–ಎರಡು ತಿಂಗಳು. ಹಾಗಾಗಿ ಮೇಗೆ ಉಳಿದರೆ ಕೊನೆಯ ಕೆಲವು ಗೂಡು. ಅರಣ್ಯ ಇಲಾಖೆಯವರು ಬಲೆ ಕಟ್ಟಿ ಕಾಯುವ ಗೂಡುಗಳಿರುತ್ತವೆ. ಹೊನ್ನಾವರ, ಕುಂದಾಪುರ ಕಡೆಯ ಇಲಾಖೆ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಅವರು ಬನ್ನಿ ಅಂದರೆ ಹೋಗಿ.

ಹೋದರೆ ಫ್ಲಾಶ್ ಬೇಡ, ಮೊಬೈಲ್ ಟಾರ್ಚ್ ಬೇಡ. ಕ್ಯಾಮೆರಾದ ಫೋಕಸ್ ಸಹಾಯಕ್ಕೆ ತಾನಾಗಿ ಹೊತ್ತುವ ಕೆಂಪು ದೀಪ ಇರುತ್ತದಲ್ಲ, ಅದನ್ನೂ ಮೆನುವಿನಲ್ಲಿ ಆಫ್ ಮಾಡಿ. ಮರಿಗಳು ಬೆಳಕಿರುವ ಕಡೆಯೇ ಕಡಲು ಅಂದುಕೊಂಡು ನಡೆಯುತ್ತವೆ. ಮಕ್ಕಳ ಕೈಯಲ್ಲಿ ಮರಿ ಕೊಟ್ಟು ಫೋಟೋ ಬೇಡ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿ, ಹುಲಿಯ ಸಾಲಿನಲ್ಲಿರುವ ಜೀವಿ ಅದು.

ಪ್ರಶ್ನೆ: ನಿವೃತ್ತಿಯಾಗಿ ಮರವಂತೆ ಹತ್ತಿರದ ಮನೆಗೆ ಬಂದಿದ್ದೇನೆ. ದೂರ ತಿರುಗಲು ಆಗುವುದಿಲ್ಲ. ಮನೆ ಎದುರಿನ ಕಡಲನ್ನೇ ಮೇ ಪೂರ್ತಿ ತೆಗೆದರೆ ಅದಕ್ಕೆ ಅರ್ಥ ಇದೆಯೇ?
— ನಿವೃತ್ತ ಉಪನ್ಯಾಸಕರು

ಸರ್, ನಿಮ್ಮ ಮೇಲೆ ನನಗೆ ಹೊಟ್ಟೆಕಿಚ್ಚು. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಮನೆ. ಮೇ ಒಂದರ ಕಡಲಿಗೂ ಮೇ ಮೂವತ್ತೊಂದರ ಕಡಲಿಗೂ ಸಂಬಂಧವೇ ಇರುವುದಿಲ್ಲ.

ಒಂದು ಕಲ್ಲಿನ ಮೇಲೆ ಗುರುತು ಮಾಡಿಕೊಳ್ಳಿ, ದಿನಾ ಅಲ್ಲಿಂದಲೇ, ಅದೇ ಲೆನ್ಸಿನಲ್ಲಿ ಒಂದು ಫೋಟೋ. ಸೂರ್ಯ ಮುಳುಗುವ ಜಾಗ ತಿಂಗಳಲ್ಲಿ ಏಳು ಡಿಗ್ರಿಯಷ್ಟು ಬಲಕ್ಕೆ, ಅಂದರೆ ಉತ್ತರಕ್ಕೆ ಸರಿಯುವುದು ನಿಮಗೇ ಕಾಣುತ್ತದೆ. ಮೊದಲ ವಾರ ಅಲೆ ಸಣ್ಣದು, ನೀರು ಹಸಿರು–ನೀಲಿ. ಕೊನೆಗೆ ದೂರದ ಗಾಳಿ ಎಬ್ಬಿಸಿದ ಉದ್ದ ಅಲೆಗಳು ಬರತೊಡಗುತ್ತವೆ, ಇಲ್ಲಿ ಎಲೆ ಅಲ್ಲಾಡದಿದ್ದರೂ ಅಲೆ ಮಾತ್ರ ದೊಡ್ಡದು. ನೀರು ಕದಡಿ ಮಣ್ಣಿನ ಬಣ್ಣ. ದಡದ ಮರಳನ್ನು ಕಡಲು ಒಳಗೆ ಎಳೆದುಕೊಳ್ಳಲು ಶುರು ಮಾಡುತ್ತದೆ. ಒಳ್ಳೆ ಮಳೆ ಒಂದು ಬಿದ್ದ ಮರುದಿನ ಬೆಳಗ್ಗೆ ಮಾತ್ರ ತಪ್ಪಿಸಬೇಡಿ. ಗಾಳಿ ತೊಳೆದು ಹೋಗಿರುತ್ತದೆ, ಕೊಡಚಾದ್ರಿ ಸಾಲು ಹತ್ತಿರ ಬಂದು ನಿಂತಂತೆ ಕಾಣುತ್ತದೆ.

ಹಕ್ಕಿಗಳೂ ಬಟ್ಟೆ ಬದಲಿಸುವ ಕಾಲ. ದನಗಳ ಜೊತೆ ತಿರುಗುವ ಬೆಳ್ಳಕ್ಕಿಯ ತಲೆ, ಕತ್ತು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಹೊಳೆ ಬದಿಯ ಕೊಳಬಕಕ್ಕೆ ಬೆನ್ನ ಮೇಲೆ ಕಡು ಕೆಂಗಂದು ಗರಿ. ಕೂತಾಗ ಕೆಸರಲ್ಲಿ ಕೆಸರು, ಹಾರಿದ ಕೂಡಲೇ ಪೂರ್ತಿ ಬಿಳಿ. ಆ ಒಂದು ಕ್ಷಣಕ್ಕೆ ಕಾದು ನೋಡಿ. ಒಣ ಬಯಲಿನಲ್ಲಿ ಟಿಟ್ಟಿಭ ತಲೆ ಮೇಲೆ ಕಿರುಚುತ್ತಾ ಸುತ್ತಿದರೆ ಮೊಟ್ಟೆ ಹತ್ತಿರದಲ್ಲೇ ಇದೆ ಅಂತ. ಹುಡುಕಬೇಡಿ, ಬಂದ ದಾರಿಯಲ್ಲೇ ವಾಪಸ್ ಬನ್ನಿ.

ಪ್ರತಿ ಫೋಟೋ ಹಿಂದೆ ದಿನಾಂಕ, ತಿಥಿ, ಗಾಳಿಯ ದಿಕ್ಕು ಬರೆದಿಡಿ. ಮುಂಗಾರು ಕೇರಳಕ್ಕೆ ಬರುವ ವಾಡಿಕೆ ಜೂನ್ 1ಕ್ಕೆ, ನಮಗೆ ಅದರ ಬೆನ್ನಿಗೆ. ಆದರೆ 2025ರಲ್ಲಿ ಮೇ 24ಕ್ಕೇ ಕೇರಳ ಮುಟ್ಟಿತ್ತು. ಹಾಗಾಗಿ ಕೊನೆಯ ವಾರಕ್ಕೆ ಕ್ಯಾಮೆರಾಗೆ ಒಂದು ದೊಡ್ಡ ಪ್ಲಾಸ್ಟಿಕ್ ಚೀಲ, ಎರಡು ರಬ್ಬರ್ ಬ್ಯಾಂಡ್ ಬಾಗಿಲ ಹತ್ತಿರವೇ ಇರಲಿ.

ಪ್ರಶ್ನೆ: ಮಲ್ಪೆಯಲ್ಲಿ ಕಡಲಕ್ಕಿಗಳ ದೊಡ್ಡ ಗುಂಪಿನ ಫೋಟೋ ನೋಡಿದ್ದೆ. ಈ ತಿಂಗಳ ಕೊನೆಗೆ ಟಿಕೆಟ್ ಮಾಡಿಸಿದ್ದೇನೆ. ಸಿಗಬಹುದಾ?
— ಅಂಗಡಿ ವ್ಯಾಪಾರಿ, ದಾವಣಗೆರೆ

ಆ ಫೋಟೋ ಚಳಿಗಾಲದ್ದು. ಅವು ಬಹುತೇಕ ಏಪ್ರಿಲ್‌ಗೇ ಲಡಾಖ್, ಟಿಬೆಟ್ ಕಡೆಯ ಸರೋವರಗಳಿಗೆ ಹೋಗಿಯಾಗಿದೆ. ಟಿಕೆಟ್ ರದ್ದು ಮಾಡಬೇಡಿ. ಬೆಳಗ್ಗೆ ಬಂದರಿಗೆ ಹೋಗಿ, ಮೀನು ಇಳಿಸುವ ಜಾಗದಲ್ಲಿ ಗರುಡಗಳು ತಲೆಗೆ ತಾಗುವಷ್ಟು ತಗ್ಗಿನಲ್ಲಿ ಬರುತ್ತವೆ, ನಿಮ್ಮ ಸಾಮಾನ್ಯ ಲೆನ್ಸೇ ಸಾಕು. ಕೆಲಸ ಮಾಡುವವರ ದಾರಿಗೆ ಅಡ್ಡ ನಿಲ್ಲಬೇಡಿ. ಮೇ 31ರ ಒಳಗೆ ಮುಗಿಸಿಕೊಳ್ಳಿ. ಜೂನ್ 1ರಿಂದ ಜುಲೈ 31ರ ತನಕ, 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಮೇಲೆ ಹೋದರೆ ಸಾಲಾಗಿ ಕಟ್ಟಿ ಹಾಕಿದ ಬೋಟುಗಳು ಸಿಗುತ್ತವೆ, ಮೀನೂ ಇಲ್ಲ, ಗರುಡನೂ ಕಡಿಮೆ.